ಪೀರ್‌ಗಳು ಸೋತು ಬಿಟ್ಟುಹೋಗ್ತಿದ್ದಾರೆ, ಒಂದು ದಿನದ ಯೋಗ ಸಾಕಾ?

ಬೀದಿದೀಪ: ನಾನು ಎಚ್‌ಐವಿ ಕೆಲಸದಲ್ಲಿ ಪೀರ್. ಅಂದರೆ ನಾನೂ ಪಾಸಿಟಿವ್, ನನ್ನಂಥವರ ಜೊತೆ ನಿಲ್ಲೋದೇ ನನ್ನ ಕೆಲಸ. ಎಚ್‌ಐವಿ ಮಾತ್ರೆ ಕೊಡೋ ಎಆರ್‌ಟಿ ಸೆಂಟರ್‌ಗೆ ಕರೆದುಕೊಂಡು ಹೋಗೋದು, ಮಾತ್ರೆ ಬಿಟ್ಟವರ ಮನೆ ಹುಡುಕೋದು, ಗಂಡನಿಗೆ ಹೇಗೆ ಹೇಳಲಿ ಅಂತ ಅಳೋರ ಪಕ್ಕ ಕೂರೋದು. ಪಟ್ಟಿಯಲ್ಲಿ 60 ಜನ ಇದ್ದಾರೆ. ಫೋನ್ ನನ್ನ ಸ್ವಂತದ್ದು, ರಾತ್ರಿ 1 ಗಂಟೆಗೂ ಬಡಿದುಕೊಳ್ಳುತ್ತೆ. ಈ ವರ್ಷ ನಮ್ಮ ಏಳು ಜನರಲ್ಲಿ ಮೂವರು ಬಿಟ್ಟು ಹೋದರು. ಆಫೀಸಿನವರು ಒಂದು ದಿನ ಯೋಗ, ಧ್ಯಾನ ಇಟ್ಟರು. ಚೆನ್ನಾಗಿತ್ತು, ಊಟಕ್ಕೆ ಹೋಳಿಗೆ ಬೇರೆ. ಸಂಜೆ ಬಸ್ಸಲ್ಲಿ ಫೋನ್ ತೆಗೆದರೆ 14 ಮಿಸ್ಡ್ ಕಾಲ್. ನಾವೇ ಸೇರಿ ಒಬ್ಬರನ್ನೊಬ್ಬರು ನೋಡಿಕೊಳ್ಳೋ ದಾರಿ ಇದೆಯಾ? ಯಾರಾದರೂ ಮಾಡಿ ನೋಡಿದ್ದೀರಾ?

ಮನೋಹಿತ: ಯೋಗವನ್ನು ಹಾಗೆ ತಳ್ಳಿಹಾಕಬೇಡಿ ಅಕ್ಕಾ. ನಾನು ಕೌನ್ಸೆಲರ್. ಮೊದಲು ನಿಮ್ಮ ನಿದ್ದೆ, ಊಟ ಸರಿ ಇರಬೇಕು. ರಾತ್ರಿ ಫೋನ್ ಆಫ್ ಮಾಡಿ. ‘ಆಗಲ್ಲ’ ಅನ್ನೋದನ್ನು ಕಲಿಯಿರಿ.

ಬೀದಿದೀಪ: ಒಂದು ಸಲ ಆಫ್ ಮಾಡಿದ್ದೆ ಸರ್. ಅವತ್ತೇ ಒಬ್ಬ ಹುಡುಗಿಯನ್ನು ಮನೆಯವರು ಹೊರಗೆ ಹಾಕಿದ್ದರು. ಬೆಳಗಾಗೋವರೆಗೆ ಬಸ್ ಸ್ಟ್ಯಾಂಡಲ್ಲಿ ಕೂತಿದ್ದಳು. ಹತ್ತು ವರ್ಷದ ಹಿಂದೆ ಅವಳ ಜಾಗದಲ್ಲಿ ನಾನಿದ್ದೆ. ಆಮೇಲೆ ಹೇಗೆ ಆಫ್ ಮಾಡಲಿ?

ಹಳೇ ಗ್ಲಾಸು: ಕುಡಿತ ಬಿಟ್ಟು 11 ವರ್ಷ ಆಯಿತು ನನಗೆ. ನಮ್ಮ ಎಎ ಇದೆಯಲ್ಲ, ಆಲ್ಕೊಹಾಲಿಕ್ಸ್ ಅನಾನಿಮಸ್, ಅದು 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುವಾದದ್ದು. ಹಳಬರು ಹೇಳಿಕೊಟ್ಟಿದ್ದು ಒಂದೇ: ಕುಡಿಯುತ್ತಿರುವವನ ಮನೆಗೆ ಒಬ್ಬರೇ ಹೋಗಬೇಡಿ, ಜೋಡಿಯಾಗಿ ಹೋಗಿ. ನಾನು ಅವನ ಜೊತೆ ಮಾತಾಡುತ್ತೇನೆ, ನನ್ನ ಜೊತೆಗಾರ ಜಗಲಿಯಲ್ಲಿ ಅವನ ಅಪ್ಪನ ಜೊತೆ ಕೂರುತ್ತಾನೆ. ವಾಪಸ್ ಬರುವಾಗ ಟೀ ಅಂಗಡಿ. ಎಷ್ಟೋ ಸಲ ಅಲ್ಲಿ ಮಾತೇ ಇರಲ್ಲ, ಸುಮ್ನೆ ಒಂದೊಂದು ಬನ್ ತಿಂದು ಏಳುತ್ತೇವೆ. ಆದರೂ ಮನೆಗೆ ಹೋಗುವಾಗ ಹಗುರ ಇರುತ್ತೆ.

ಸಣ್ಣೂರಿನವಳು: ನಾನೂ ಪೀರ್. ಎಎ ಥರ ಗುಂಪಲ್ಲಿ ಕೂತು ಮನಸ್ಸು ಬಿಚ್ಚೋದು ಸಿಟಿಯವರಿಗೆ ಸರಿ. ನಮ್ಮ ತಾಲೂಕಲ್ಲಿ ಒಂದು ಸಲ ಹಾಗೆ ಕೂತೆವು. ನಾನು ಹೆಸರು ಹೇಳಲಿಲ್ಲ, ‘ಟೈಲರ್ ಅಣ್ಣ’ ಅಂದೆ, ಅಷ್ಟೇ. ವಾರದೊಳಗೆ ಸಂತೆಯವರೆಗೂ ಹೋಗಿತ್ತು. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ವಿಷಯ ಬಯಲು ಮಾಡೋ ಹಾಗಿಲ್ಲ. ಕಾಯ್ದೆ ಹಾಗಿರಲಿ, ಆ ಅಣ್ಣ ನನ್ನ ಮುಖ ನೋಡೋದೇ ಬಿಟ್ಟರು. ಮೇಲಿಂದ ವಾರವಾರ ಕೂರೋದು ಅಂದರೆ ಸಂಬಳ ಇಲ್ಲದ ಇನ್ನೊಂದು ಕೆಲಸ, ಅಲ್ವಾ?

ಲೆಕ್ಕದ ಪುಸ್ತಕ: ನಾನು ಇಂಥದ್ದೇ ಒಂದು ಪ್ರಾಜೆಕ್ಟಿನ ಆಫೀಸ್ ಕಡೆಯವನು, ಬೈಯಿರಿ ಪರವಾಗಿಲ್ಲ. ಯೋಗಕ್ಕೆ ಬಜೆಟ್ಟಿನ ಟ್ರೇನಿಂಗ್ ಬಾಬ್ತಿನಲ್ಲಿ ದುಡ್ಡು ಸಿಗುತ್ತೆ. ಜೋಡಿ ಭೇಟಿಗೆ ಸಿಗಲ್ಲ. ನಮ್ಮ ರಿಪೋರ್ಟ್ ಫಾರ್ಮ್ಯಾಟಲ್ಲಿ ಇಬ್ಬರು ಒಂದೇ ಮನೆಗೆ ಹೋದರೆ ಒಂದೇ ಭೇಟಿ. ಇನ್ನೊಬ್ಬರು ಅವತ್ತು ಕೆಲಸವೇ ಮಾಡಿಲ್ಲ ಅಂತ ಲೆಕ್ಕ.

ಗದ್ದೆ ಬದಿ: ಹೀಗೆ ದುಡಿದು ದುಡಿದು ಸೋತುಹೋಗೋದಕ್ಕೆ ಬರ್ನ್‌ಔಟ್ ಅಂತಾರೆ. ಅದು ಐಟಿಯವರ ಕಾಯಿಲೆ ಅಂದುಕೊಳ್ಳುತ್ತಾರೆ. 1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಆ ಪದ ಇಟ್ಟು ಬರೆದದ್ದು ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್‌ನಲ್ಲಿ ಕಂಡದ್ದರಿಂದ. ಅವರೂ ಹಗಲು ತಮ್ಮ ಪ್ರಾಕ್ಟೀಸ್ ಮುಗಿಸಿ, ರಾತ್ರಿ ಅಲ್ಲಿ ದುಡಿದು ನೆಲಕಚ್ಚಿದವರೇ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಡ ಇದನ್ನು ಕಾಯಿಲೆ ಅನ್ನಲಿಲ್ಲ, ಕೆಲಸಕ್ಕೆ ಸಂಬಂಧಪಟ್ಟದ್ದು ಅಂದಿತು. ಹಾಗಿದ್ದ ಮೇಲೆ ಮುಲಾಮು ಕೆಲಸಕ್ಕೆ ಹಚ್ಚಬೇಕು, ಪೀರ್‌ಗಳ ಹಣೆಗಲ್ಲ. ನಮ್ಮಜ್ಜಿ ಕಾಲದಲ್ಲಿ ನಾಟಿಗೆ ಮುಯ್ಯಾಳು ಹೋಗುತ್ತಿದ್ದರು. ಇವತ್ತು ನಿಮ್ಮ ಗದ್ದೆ, ನಾಳೆ ನಮ್ಮದು. ಯಾರೂ ಮನಸ್ಸು ಬಿಚ್ಚಬೇಕಾಗಿರಲಿಲ್ಲ, ಸಂಜೆಗೆ ನಾಟಿ ಮುಗಿದಿರುತ್ತಿತ್ತು.

ಸಣ್ಣೂರಿನವಳು: ಇದು ಹಿಡಿಸಿತು. ಬೇರೆಯವರ ಕತೆ ಬಾಯಿ ಬಿಡಬೇಕಾಗಿಲ್ಲ. ಆದರೆ ಮುಯ್ಯಿ ತೀರಿಸೋಕೆ ಆಗದವರು ಏನು ಮಾಡಬೇಕು? ಮಾತ್ರೆ ಬದಲಾಯಿಸಿದಾಗ ಒಂದು ತಿಂಗಳು ನನಗೆ ತಲೆ ಎತ್ತೋಕಾಗಲಿಲ್ಲ. ಯಾರ ಬಾಕಿ ಎಷ್ಟು ಅಂತ ಬರೆದಿಟ್ಟಿದ್ದರೆ ಆಗಲೇ ಕೆಲಸ ಬಿಡುತ್ತಿದ್ದೆ.

ಗದ್ದೆ ಬದಿ: ಒಪ್ಪಿದೆ. ಅಜ್ಜಿ ಕಾಲದಲ್ಲೂ ಬಾಣಂತಿ ಮನೆ ಗದ್ದೆಗೆ ಲೆಕ್ಕ ಇಡುತ್ತಿರಲಿಲ್ಲವಂತೆ.

ಕೆಂಪು ಬಸ್ಸು: ಮುಯ್ಯಿ, ಟೀ ಎಲ್ಲ ಸರಿ. ಗೌರವಧನ ಮೂರು ತಿಂಗಳು ತಡ ಆದರೆ ಟೀಗೂ ಕಾಸಿರಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಆ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಧರಣಿ ಕೂತರಲ್ಲ, ಅದೂ ಒಬ್ಬರನ್ನೊಬ್ಬರು ನೋಡಿಕೊಳ್ಳೋದೇ.

ಮನೋಹಿತ: ಬಸ್ ಸ್ಟ್ಯಾಂಡ್ ವಿಷಯ ಓದಿದ ಮೇಲೆ ಫೋನ್ ಆಫ್ ಮಾಡಿ ಅಂದಿದ್ದನ್ನು ವಾಪಸ್ ತಗೊಳ್ಳುತ್ತೇನೆ. ಆದರೂ ಒಂದು ಮಾತು. ಆ ಹುಡುಗಿಯಲ್ಲಿ ನಿಮ್ಮನ್ನೇ ಕಂಡಿರಲ್ಲ ಅಕ್ಕಾ, ಅದು ಕೆಲಸ ಹಂಚಿಕೊಂಡರೆ ಇಳಿಯೋ ಭಾರ ಅಲ್ಲ. ಅದಕ್ಕೆ ನಿಮ್ಮೂರಿನವರಲ್ಲದ ಒಂದು ಕಿವಿ ಬೇಕು. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಇದೆ, ಟೆಲಿ ಮಾನಸ್ 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ.

ಬೀದಿದೀಪ: ನಂಬರ್ ಬರೆದಿಟ್ಟುಕೊಂಡೆ ಸರ್. ಇಲ್ಲಿ ಓದಿದ ಮೇಲೆ ನಿನ್ನೆ ಉಳಿದ ನಾಲ್ವರೂ ಕೂತಿದ್ದೆವು. ತಲೆಗೆ ನೂರು ಹಾಕಿ ಒಂದು ಸಿಮ್ ತಂದೆವು. ತಮ್ಮನ ಹಳೇ ಕೀಪ್ಯಾಡ್ ಫೋನಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದೇವೆ, ಇಲ್ಲದಿದ್ದರೆ ಬ್ಯಾಟರಿ ಬೀಳುತ್ತೆ. ರಾತ್ರಿ 9ರ ಮೇಲೆ ಆ ನಂಬರ್ ಮಾತ್ರ, ದಿನಕ್ಕೊಬ್ಬರ ಪಾಳಿ. ಹುಷಾರಿಲ್ಲದವರ ಪಾಳಿ ಉಳಿದವರದು, ವಾಪಸ್ ಕೇಳೋ ಹಾಗಿಲ್ಲ. ಜೋಡಿ ಭೇಟಿ ವಿಷಯ ಸೋಮವಾರ ರಿವ್ಯೂ ಮೀಟಿಂಗಲ್ಲಿ ಎತ್ತಬೇಕು. ಲೆಕ್ಕದ ಸರ್, ಒಂದು ಅರ್ಜಿ ಬರೆದುಕೊಡುತ್ತೀರಾ?

ಲೆಕ್ಕದ ಪುಸ್ತಕ: ಇವತ್ತೇ ಬರೆದು ಕಳಿಸುತ್ತೇನೆ ಮೇಡಂ. ಸಿಮ್ ತಗೊಂಡ ರಸೀದಿ ಇದೆಯಾ? ಎಸೆಯಬೇಡಿ.