ಹಣ್ಣು ತರಕಾರಿ ಹೋಲ್‌ಸೇಲ್ ಕಂಪನಿ ನ್ಯಾಯವಾಗಿ ನಡೆಸುವುದು ಹೇಗೆ? ಅನುಭವ ಇರುವವರು ಹೇಳಿ

ಕೇಳಿದವರು, ಮಾಲೂರು

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಭಾವ ಸೇರಿ ಹಣ್ಣು ತರಕಾರಿ ಹೋಲ್‌ಸೇಲ್ ಕಂಪನಿ ಶುರು ಮಾಡುತ್ತಿದ್ದೇವೆ. ಹೊಸಕೋಟೆ ಹತ್ತಿರ ಗೋಡೌನ್ ನೋಡಿದ್ದೇವೆ. ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರದ ಮಾರುಕಟ್ಟೆಯಿಂದ ಮಾಲು ತಂದು, ಕೆಲವು ರೈತರಿಂದ ನೇರವಾಗಿಯೂ ಕೊಂಡು, ಬೆಂಗಳೂರಿನ ಹೋಟೆಲ್, ಪಿಜಿ, ಅಪಾರ್ಟ್‌ಮೆಂಟ್ ಅಂಗಡಿಗಳಿಗೆ ಕೊಡುವ ಯೋಚನೆ. ಲಾಭ ಬೇಕು, ಆದರೆ ರೈತನ ಹೊಟ್ಟೆ ಮೇಲೆ ಹೊಡೆದು ಬೇಡ. ತಿನ್ನುವವರಿಗೂ ಕೆಟ್ಟದ್ದು ಕೊಡಬಾರದು. ಲೈಸೆನ್ಸ್ ವಿಷಯ ಎಪಿಎಂಸಿ ಕಚೇರಿಯಲ್ಲಿ ಕೇಳಿಕೊಂಡಿದ್ದೇವೆ. ದಿನನಿತ್ಯದ ವ್ಯವಹಾರದಲ್ಲಿ ಎಲ್ಲಿ ಜಾಗ್ರತೆ ಬೇಕು, ದಯವಿಟ್ಟು ಹೇಳಿ.

ಹೋಲ್‌ಸೇಲ್ ಸಪ್ಲೈ ಮಾಡುವವರು, ಬೆಂಗಳೂರು

ತಮ್ಮಾ, ಮೊದಲು ದುಡ್ಡಿನ ಮಾತು. ಉಳಿದದ್ದೆಲ್ಲ ಆಮೇಲೆ.

ಮೋಸ ಮಾಡುವ ಮನಸ್ಸೇ ಇಲ್ಲದವರೂ ಈ ವ್ಯಾಪಾರದಲ್ಲಿ ರೈತನಿಗೆ ಅನ್ಯಾಯ ಮಾಡಿಬಿಡುತ್ತಾರೆ. ಅದಕ್ಕೆ ಕಾರಣ ಉದ್ರಿ. ನಿಮ್ಮ ಗಿರಾಕಿ ಹೋಟೆಲಿನವರು, ಪಿಜಿಯವರು. ಅವರು ತಿಂಗಳಿಗೊಮ್ಮೆ ಬಿಲ್ ಕೊಡಿ ಅನ್ನುತ್ತಾರೆ, ಬಿಲ್ ಕೊಟ್ಟ ಮೇಲೆ ಇನ್ನೂ ಹದಿನೈದು ದಿನ ಎಳೆಯುತ್ತಾರೆ. ದಿನಕ್ಕೆ 1 ಲಕ್ಷದ ಮಾಲು 30 ದಿನದ ಉದ್ರಿಗೆ ಕೊಟ್ಟರೆ ನಿಮ್ಮ 30 ಲಕ್ಷ ಯಾವಾಗಲೂ ಹೊರಗೇ ಇರುತ್ತದೆ. ಆ 30 ಲಕ್ಷ ಯಾರದ್ದು? ಬ್ಯಾಂಕಿನದ್ದಾದರೆ ಬಡ್ಡಿ ಕಟ್ಟಬೇಕು. ರೈತನ ಬಾಕಿ ಉಳಿಸಿಕೊಂಡರೆ ಬಡ್ಡಿ ಇಲ್ಲ, ನೋಟಿಸ್ ಇಲ್ಲ, ಅವನು ಫೋನ್ ಮಾಡಿದಾಗ ‘ನಾಳೆ ನೋಡೋಣ’ ಅಂದರೆ ಸಾಕು. ಅದಕ್ಕೇ ಒಳ್ಳೆಯವರೂ ನಿಧಾನವಾಗಿ ಆ ಕಡೆ ಜಾರುತ್ತಾರೆ. ಆದರೆ ಆ ರೈತ ಗೊಬ್ಬರದ ಅಂಗಡಿಯಲ್ಲಿ ಬಡ್ಡಿಗೆ ಸಾಲ ಮಾಡಿಯೇ ಬೆಳೆದಿರುತ್ತಾನೆ. ಪಟ್ಟಣದ ಹೋಟೆಲಿಗೆ ಅವನು ಬಡ್ಡಿ ಇಲ್ಲದೆ ಸಾಲ ಕೊಟ್ಟ ಹಾಗಾಯಿತು ಅಲ್ವಾ?

ಹಾಗಾಗಿ ಗೋಡೌನಿಗೆ ಬಣ್ಣ ಹೊಡೆಸುವ ಮೊದಲು ಲೆಕ್ಕ ಹಾಕಿ. ಎಷ್ಟು ದಿನದ ಉದ್ರಿಯನ್ನು ನಿಮ್ಮ ಸ್ವಂತ ದುಡ್ಡಿನಲ್ಲಿ, ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್) ಸಾಲದಲ್ಲಿ ತಡೆದುಕೊಳ್ಳಬಹುದೋ ಅಷ್ಟೇ ವ್ಯಾಪಾರ ಮಾಡಿ. ಪ್ರತಿ ಗಿರಾಕಿಗೂ ಒಂದು ಮಿತಿ ಇರಲಿ, ಮಿತಿ ದಾಟಿದ ದಿನ ಗಾಡಿ ಹೋಗಬಾರದು. ನಾನು ವಾರದ ಬಾಕಿಗಿಂತ ಮೇಲೆ ಹೋಗುವುದಿಲ್ಲ. ಇದರಿಂದ ದೊಡ್ಡ ಆರ್ಡರ್ ಕೈಬಿಟ್ಟದ್ದೂ ಇದೆ. ಪರವಾಗಿಲ್ಲ. ರೈತನಿಗೆ ಮಾಲು ಇಳಿಸಿದ ದಿನವೇ, ಹೆಚ್ಚೆಂದರೆ ಮರುದಿನ, ಖಾತೆಗೆ ಹಣ ಹೋಗಬೇಕು.

ಇನ್ನೊಂದು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದರೆ ಗಿರಾಕಿ 45 ದಿನದೊಳಗೆ ಹಣ ಕೊಡಲೇಬೇಕು ಅನ್ನುವ ಕಾನೂನು ನಿಮ್ಮನ್ನು ಕಾಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ರಕ್ಷಣೆ 2006ರ ಸಣ್ಣ ಉದ್ದಿಮೆಗಳ ಕಾಯ್ದೆಯಲ್ಲಿದೆ (ಎಂಎಸ್‌ಎಂಇಡಿ) ನಿಜ. ಆದರೆ 2021ರ ಜುಲೈಯಲ್ಲಿ ಹೋಲ್‌ಸೇಲ್, ಚಿಲ್ಲರೆ ವ್ಯಾಪಾರಿಗಳನ್ನು ಉದ್ಯಮ್‌ಗೆ ಸೇರಿಸಿದ್ದು ಬ್ಯಾಂಕಿನ ಆದ್ಯತಾ ವಲಯದ ಸಾಲ ಸಿಗಲಿ ಅಂತ ಅಷ್ಟೇ. ಸಾಲಕ್ಕೆ ಬಳಸಿಕೊಳ್ಳಿ, ವಸೂಲಿಗೆ ಅದನ್ನು ನೆಚ್ಚಬೇಡಿ.

ದರದ ವಿಷಯಕ್ಕೂ ಇದೇ ಯೋಚನೆ ಬೇಕು. ಹೋಟೆಲಿನವರು ತಿಂಗಳಿಡೀ ಒಂದೇ ದರ ಕೇಳುತ್ತಾರೆ. 2023ರ ಜುಲೈಯಲ್ಲಿ ಕೋಲಾರದಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿತ್ತು, ನೆನಪಿರಬಹುದು. ಅಂಥ ತಿಂಗಳಲ್ಲಿ ಹಳೇ ದರಕ್ಕೆ ಒಪ್ಪಿಕೊಂಡವರು ಏನು ಮಾಡುತ್ತಾರೆ? ಒಂದೋ ತೂಕ ಕಡಿಮೆ ಮಾಡುತ್ತಾರೆ, ಇಲ್ಲವೇ ಎರಡನೇ ದರ್ಜೆಯ ಮಾಲು ಸೇರಿಸುತ್ತಾರೆ, ಇಲ್ಲವೇ ರೈತನನ್ನು ಹಿಂಡುತ್ತಾರೆ. ಅದರ ಬದಲು ಆ ದಿನದ ಮಂಡಿ ದರ, ಅದರ ಮೇಲೆ ಕೆಜಿಗೆ ನಮ್ಮದು ಇಷ್ಟು ಅಂತ ಬರೆದುಕೊಂಡು ಸಹಿ ಹಾಕಿಸಿ. ಎರಡೂ ಕಡೆಯವರು ನೋಡಲು ಒಂದು ಗುರುತು ಬೇಕಾದರೆ ತೋಟದ ಬೆಳೆಗಾರರ ಸಹಕಾರ ಸಂಘ ಹಾಪ್‌ಕಾಮ್ಸ್‌ನ ದಿನದ ದರಪಟ್ಟಿ ಇದೆ. ಅದು ಚಿಲ್ಲರೆ ದರ, ಆದರೂ ಏರಿತೋ ಇಳಿಯಿತೋ ತಿಳಿಯುತ್ತದೆ.

ರೈತ, ಶ್ರೀನಿವಾಸಪುರ ತಾಲೂಕು

ಅಣ್ಣಾ, ಮೇಲಿನವರು ಹೇಳಿದ್ದಕ್ಕೆ ನನ್ನ ಕಡೆಯಿಂದ ನಾಲ್ಕು ಮಾತು. ನಾವು ಟೊಮೆಟೊ, ಬೀನ್ಸ್ ಹಾಕುತ್ತೇವೆ, ಸ್ವಲ್ಪ ಮಾವಿನ ತೋಟವಿದೆ.

ಬಿಳಿ ಚೀಟಿ ಕೊಡಬೇಡಿ. ತೂಕ, ದರ, ಕಳೆದದ್ದು, ಯಾಕೆ ಕಳೆದದ್ದು, ಎಲ್ಲ ಕಾಣುವ ಪಟ್ಟಿ ಕೊಡಿ. ಕಮಿಷನ್ ಕೊಳ್ಳುವವನಿಂದ ತೆಗೆದುಕೊಳ್ಳಬೇಕೇ ಹೊರತು ರೈತನಿಂದ ಅಲ್ಲ ಅಂತ ನಮ್ಮ ಎಪಿಎಂಸಿ ಕಾಯ್ದೆಯೇ ಹೇಳುತ್ತದೆ. ಆದರೂ ನಮ್ಮ ಪಟ್ಟಿಯಲ್ಲೇ ಕಳೆಯುವವರು ಇದ್ದಾರೆ. ಅದರ ಮೇಲೆ ಸೂಟು ಅಂತ ತೂಕದಲ್ಲಿ ಬೇರೆ ಕಡಿತ. ಇವೆರಡೂ ಇಲ್ಲ ಅಂತ ಗೋಡೌನ್ ಬಾಗಿಲಲ್ಲೇ ಬೋರ್ಡ್ ಹಾಕಿ, ಊರಿನ ರೈತರು ತಾವೇ ಹುಡುಕಿಕೊಂಡು ಬರುತ್ತಾರೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಿ, ಅಂಕಿ ರೈತನ ಕಡೆಗೂ ಕಾಣುವಂತೆ ಇಡಿ.

ನಮಗೆ ಜಾಸ್ತಿ ನೋವಾಗುವುದು ರಿಜೆಕ್ಟ್‌ನಿಂದ. ಬೆಳಗಿನ ಜಾವ ಮಾಲು ಹೋಗಿರುತ್ತದೆ. ಹತ್ತು ಗಂಟೆಗೆ ಫೋನ್ ಬರುತ್ತದೆ, ಇಪ್ಪತ್ತು ಬಾಕ್ಸ್ ಸರಿ ಇಲ್ಲ, ವಾಪಸ್ ತೆಗೆದುಕೊಂಡು ಹೋಗಿ ಅಂತ. ಅಷ್ಟು ಹೊತ್ತಿಗೆ ಹರಾಜು ಮುಗಿದಿರುತ್ತದೆ. ಆ ಬಾಕ್ಸು ಯಾರಿಗೆ ಮಾರುವುದು? ಒಂದು ಕಂಪನಿ ನಮಗೆ ಹೀಗೆ ಮಾಡಿದ್ದು ಅದರ ಆರ್ಡರ್ ಕಮ್ಮಿಯಾದ ದಿನಗಳಲ್ಲಿ ಮಾತ್ರ. ಕಾಯಿ ಅದೇ, ತೋಟ ಅದೇ. ನಿಮ್ಮ ದರ್ಜೆ ಯಾವುದು ಅಂತ ಫೋಟೋ ಸಮೇತ ಕನ್ನಡದಲ್ಲಿ ಬರೆದು ಮೊದಲೇ ಕೊಡಿ. ಮಾಲು ಇಳಿಸಿದ ಒಂದು ಗಂಟೆಯೊಳಗೆ ನೋಡಿ ಹೇಳಿ. ಅದು ದಾಟಿದರೆ ಮಾಲು ನಿಮ್ಮದೇ.

ಆರ್ಡರ್ ಬೇಡವಾದರೆ ಕೊಯ್ಯುವ ಮೊದಲೇ ಹೇಳಿ, ಹಿಂದಿನ ಸಂಜೆಯೊಳಗೆ. ದರ ಬಿದ್ದಾಗ ಕೊಯ್ಲಿನ ಕೂಲಿ, ಗಾಡಿ ಬಾಡಿಗೆಯೂ ಹುಟ್ಟುವುದಿಲ್ಲ. ಗಿಡದಲ್ಲೇ ಬಿಟ್ಟರೆ ಅಷ್ಟಾದರೂ ಉಳಿಯುತ್ತದೆ. 2025ರಲ್ಲಿ ತೋತಾಪುರಿ ಮಾವಿನ ದರ ಬಿದ್ದು ನಮ್ಮ ತಾಲೂಕಿನಲ್ಲಿ ಬಂದ್ ನಡೆಯಿತು, ಕೊನೆಗೆ ಸರ್ಕಾರ ವ್ಯತ್ಯಾಸದ ಹಣ ಕೊಡಬೇಕಾಯಿತು. ಅಂಥ ವರ್ಷ ನೀವು ದರ ಎತ್ತಲು ಆಗುವುದಿಲ್ಲ, ಅದು ನಮಗೂ ಗೊತ್ತು. ಹೇಳಿದ ಮಾತಿನ ಹಾಗೆ ಕೊಂಡರೆ ಅದೇ ದೊಡ್ಡದು.

ಬಾಳೆಹಣ್ಣು, ಮಾವು ಮಾಗಿಸುವ ಕೋಣೆ ಇಟ್ಟಿರುವವರು

ಹಣ್ಣಿಗೆ ಕೈ ಹಾಕುವುದಾದರೆ ಬೇಗ ಮಾಗಿಸಲು ಹಾಕುವ ಕಾರ್ಬೈಡ್ ಪುಡಿಯನ್ನು ಹತ್ತಿರವೂ ಸೇರಿಸಬೇಡಿ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಇರುತ್ತದೆ, ಕಾನೂನಿನಲ್ಲಿ ನಿಷೇಧವಿದೆ. ಮಾಗಿಸಲು ಎಥಿಲೀನ್ ಅನಿಲಕ್ಕೆ 100 ಪಿಪಿಎಂವರೆಗೆ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ಅನುಮತಿ ಇದೆ. ಬಾಳೆಗೆ ಸುಮಾರು 16ರಿಂದ 18 ಡಿಗ್ರಿ, ತೇವ 90 ಶೇಕಡಾದ ಮೇಲೆ, ಒಂದು ದಿನ ಅನಿಲ, ಆಮೇಲೆ ಬಾಗಿಲು ತೆಗೆದು ಗಾಳಿ ಬಿಡಬೇಕು. ಇಲ್ಲದಿದ್ದರೆ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಹಣ್ಣು ಸರಿಯಾಗಿ ಮಾಗುವುದಿಲ್ಲ. ಸ್ವಂತ ಕೋಣೆ ಬೇಡ, ಮೊದಲು ಬಾಡಿಗೆಗೆ ಮಾಗಿಸಿ. ಮಾಗಿಸಿಕೊಡುವವರು ಏನು ಬಳಸುತ್ತಾರೆ ಅಂತ ಒಳಗೆ ಹೋಗಿ ನೋಡಿ, ಬಾಯಿಮಾತು ಸಾಲದು. ಎಳೇ ಕಾಯಿ ಕಿತ್ತು ತಂದರೆ ಯಾವ ಕೋಣೆಯೂ ಅದಕ್ಕೆ ರುಚಿ ಕೊಡುವುದಿಲ್ಲ.

ಒಂದೇ ಕೋಲ್ಡ್ ರೂಮಿನಲ್ಲಿ ಎಲ್ಲ ತುರುಕುವವರನ್ನು ನೋಡಿದ್ದೇನೆ. ಬಾಳೆ 13 ಡಿಗ್ರಿಗಿಂತ ತಣ್ಣಗಾದರೆ ಸಿಪ್ಪೆ ಕಪ್ಪಾಗುತ್ತದೆ. ಸೌತೆ, ಬದನೆಗೂ ಅತಿ ತಣ್ಣಗೆ ಆಗುವುದಿಲ್ಲ. ಮಾಗಿದ ಹಣ್ಣಿನ ಪಕ್ಕ ಸೊಪ್ಪು ಇಟ್ಟರೆ ಬೇಗ ಹಳದಿಯಾಗುತ್ತದೆ. ಇಷ್ಟು ನೋಡಿಕೊಂಡರೂ ವೇಸ್ಟು ಎಷ್ಟೋ ಕಡಿಮೆಯಾಗುತ್ತದೆ.

ಗ್ರೇಡಿಂಗ್ ಶೆಡ್ಡಿನಲ್ಲಿ ಸೂಪರ್‌ವೈಸರ್

ಸರ್, ಕೆಲಸದವರ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಾಲು ಬರುವುದು ರಾತ್ರಿ, ಬೇರ್ಪಡಿಸುವುದು ರಾತ್ರಿ. ಬೇರ್ಪಡಿಸುವ ಕೆಲಸಕ್ಕೆ ಬರುವವರಲ್ಲಿ ಹೆಂಗಸರೇ ಜಾಸ್ತಿ. ನಾನು ಮೊದಲು ಇದ್ದ ಕಡೆ ಶೌಚಾಲಯಕ್ಕೆ ಬೀಗ ಇರುತ್ತಿತ್ತು, ಬೀಗದ ಕೈ ಮ್ಯಾನೇಜರ್ ಹತ್ತಿರ. ರಾತ್ರಿಯೆಲ್ಲ ನೀರು ಕುಡಿಯದೆ ಕೆಲಸ ಮಾಡುತ್ತಿದ್ದರು. ನೀವು ಹಾಗೆ ಮಾಡಬೇಡಿ. ಶೌಚಾಲಯ, ಕುಡಿಯುವ ನೀರು, ಕೂತು ಕೆಲಸ ಮಾಡುವ ಎತ್ತರದ ಮೇಜು, ಬೆಳಿಗ್ಗೆ ಮನೆಗೆ ಬಿಡಲು ಗಾಡಿ, ಇವು ಮೊದಲ ದಿನದಿಂದಲೇ ಇರಲಿ. ಕೈ ತೊಳೆಯಲು ಸೋಪು ಇಲ್ಲದ ಕಡೆ ತರಕಾರಿ ಸ್ವಚ್ಛ ಅಂತ ಹೇಳುವುದಾದರೂ ಹೇಗೆ?

ಹಮಾಲಿ ಅಣ್ಣಂದಿರಿಗೆ ಈರುಳ್ಳಿ, ಆಲೂಗಡ್ಡೆ ಮೂಟೆ 50 ಕೆಜಿ ದಾಟದಂತೆ ಕಟ್ಟಿಸಿ, ಟ್ರಾಲಿ ಕೊಡಿ. ಮೂಟೆಗೆ ಇಷ್ಟು ಅನ್ನುವ ಕೂಲಿಯನ್ನು ಅದೇ ದಿನ ಕೊಡಿ. ಶಾಲೆ ರಜೆ ಅಂತ ಮಕ್ಕಳನ್ನು ಕರೆತಂದರೆ ಕೆಲಸಕ್ಕೆ ಹಚ್ಚಬೇಡಿ, ಪಾಪ ಅವರೂ ತಾಯಿ ಜೊತೆ ಬಂದಿರುತ್ತಾರೆ, ಮಲಗಲು ಒಂದು ಕೋಣೆ ಮಾಡಿಕೊಡಿ.

ಹೋಟೆಲ್ ಪರ್ಚೇಸ್ ನೋಡುವವರು

ಕೊಳ್ಳುವವರ ಕಡೆಯಿಂದ ಎರಡೇ ಮಾತು. ಸೊಪ್ಪು ಯಾವ ನೀರಿನಲ್ಲಿ ಬೆಳೆದದ್ದು ಅಂತ ಕೇಳಿದರೆ ನಿಮಗೆ ಉತ್ತರ ಗೊತ್ತಿರಬೇಕು. ಬೆಂಗಳೂರಿನ ವೃಷಭಾವತಿ ಹೊಳೆಯಂಥ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪು ಪೇಟೆಗೆ ಬರುತ್ತದೆ, ನೋಡಲು ಹಚ್ಚಗೇ ಇರುತ್ತದೆ. ಔಷಧಿ ಹೊಡೆದ ತಾರೀಕು, ಕೊಯ್ದ ತಾರೀಕು ಎರಡನ್ನೂ ರೈತನಿಂದ ಬರೆಸಿಕೊಳ್ಳಿ, ಡಬ್ಬಿಯ ಮೇಲೆ ಎಷ್ಟು ದಿನ ಕಾಯಬೇಕು ಅಂತ ಇರುತ್ತದೆ, ಅದಕ್ಕೆ ತಾಳೆ ನೋಡಿ. ಕ್ರೇಟಿಗೆ ರೈತನ ನಂಬರ್, ದಿನಾಂಕ ಇರುವ ಚೀಟಿ ಅಂಟಿಸಿ. ಏನಾದರೂ ತೊಂದರೆ ಬಂದರೆ ಆ ಕ್ರೇಟುಗಳನ್ನು ಮಾತ್ರ ವಾಪಸ್ ತೆಗೆಯಬಹುದು. ಮತ್ತೆ, ಮಾಲು ಕಡಿಮೆ ಬಿದ್ದ ದಿನ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿ. ಅಡುಗೆಯವರು ಮೆನು ಬದಲಾಯಿಸಿಕೊಳ್ಳುತ್ತಾರೆ.

ಕೇಳಿದವರು, ಮಾಲೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾವನಿಗೂ ಓದಿಸಿದೆ. ಒಂದು ಉಳಿಯಿತು. ಉಳಿದ, ಕೊಳೆತ ತರಕಾರಿ ಏನು ಮಾಡುತ್ತೀರಿ?

ಹೋಲ್‌ಸೇಲ್ ಸಪ್ಲೈ ಮಾಡುವವರು, ಬೆಂಗಳೂರು

ಮೂರು ಪಾಲು ಮಾಡಿ ತಮ್ಮಾ. ಆಕಾರ ಕೆಟ್ಟದ್ದು, ಸ್ವಲ್ಪ ಬಾಡಿದ್ದು ತಿನ್ನಲು ಚೆನ್ನಾಗಿಯೇ ಇರುತ್ತದೆ. ಅದು ಸಂಜೆಯೊಳಗೆ ಮೆಸ್‌ಗಳಿಗೆ ಕಡಿಮೆ ದರಕ್ಕೆ ಅಥವಾ ಅನಾಥಾಶ್ರಮಕ್ಕೆ ಹೋಗಲಿ. ಕೋಸಿನ ಎಲೆ, ಹೂಕೋಸಿನ ದಂಟು ಹಸು ಸಾಕುವವರಿಗೆ ಕೊಡಿ, ಆದರೆ ದಾರ, ರಬ್ಬರ್ ಬ್ಯಾಂಡ್, ಪ್ಲಾಸ್ಟಿಕ್ ಆರಿಸಿಯೇ ಕೊಡಬೇಕು. ಬೂಸ್ಟು ಹಿಡಿದದ್ದನ್ನು ಹಸುವಿಗೆ ಹಾಕಿಸಬೇಡಿ, ಬೂಸ್ಟಿನ ವಿಷ ಹಾಲಿಗೂ ಬರುತ್ತದೆ. ಪೂರ್ತಿ ಕೊಳೆತದ್ದು ಗೊಬ್ಬರಕ್ಕೆ ಅಥವಾ ಬಯೋಗ್ಯಾಸ್‌ಗೆ. ಹೈದರಾಬಾದಿನ ಬೋಯಿನಪಲ್ಲಿ ತರಕಾರಿ ಮಾರುಕಟ್ಟೆಯಲ್ಲಿ ಕೊಳೆತ ತರಕಾರಿಯಿಂದಲೇ ಕರೆಂಟು ಮಾಡಿದ್ದಾರೆ. ನಿಮಗೆ ಅಷ್ಟು ದೊಡ್ಡದು ಬೇಡ, ಹೊಸಕೋಟೆ ಸುತ್ತ ತೋಟದವರು ಇದ್ದಾರೆ, ಗುಂಡಿ ಮಾಡಿಕೊಂಡವರು ಗಾಡಿ ತಂದು ತುಂಬಿಕೊಂಡು ಹೋಗುತ್ತಾರೆ. ದಿನಾ ಎಷ್ಟು ಕೆಜಿ, ಯಾವ ತರಕಾರಿ, ಯಾಕೆ ಕೆಟ್ಟಿತು ಅಂತ ಒಂದು ಪುಸ್ತಕದಲ್ಲಿ ಬರೆಸಿ. ಒಂದೇ ತರಕಾರಿ ವಾರವಿಡೀ ಕೆಡುತ್ತಿದ್ದರೆ ನೀವು ಕೊಳ್ಳುತ್ತಿರುವುದೇ ಜಾಸ್ತಿ ಅಂತ ಅರ್ಥ, ಮರುದಿನದ ಆರ್ಡರ್ ಅದನ್ನು ನೋಡಿಯೇ ಹಾಕಿ.