ಪದಚರ್ಚೆ: ‘ಒತ್ತಡದ ಮೂತ್ರ ಅಸಂಯಮ’ಕ್ಕೆ ಆಡುಮಾತು ಯಾವುದು?

ಬಳಗದವರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ನನಗೆ ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರು ಬಾಣಂತಿಯರಿಗೆ ಹಂಚಲು ಕರಪತ್ರ ಬರೆದಿದ್ದಾರೆ. ಕಾಗುಣಿತ ನೋಡಿಕೊಡಿ ಎಂದು ನನ್ನ ಕೈಗಿತ್ತರು. ಕಾಗುಣಿತದಲ್ಲಿ ತಪ್ಪಿಲ್ಲ, ತೊಡಕಿರುವುದು ತಲೆಬರಹದಲ್ಲಿ: ‘ಹೆರಿಗೆಯ ಗಾಯ ಮತ್ತು ಒತ್ತಡದ ಮೂತ್ರ ಅಸಂಯಮ’.

ನಮ್ಮ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕ ಒಬ್ಬರಿದ್ದಾರೆ. ಹಾಳೆಯನ್ನು ಅವರಿಗೇ ತೋರಿಸಿದೆ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ಬೆರಳಿಟ್ಟು ಓದಿ, ‘ಟೆನ್ಷನ್ ಮಾಡ್ಕೊಂಡ್ರೆ ಉಚ್ಚೆ ಹೋಗ್ತೈತಿ ಅಂತ ಬರ್ದಾರೇನ್ರಿ?’ ಅಂದರು. ‘ಅಸಂಯಮ’ದ ಬಗ್ಗೆ ಕೇಳಿದ್ದಕ್ಕೆ, ‘ಅದು ಕುಡುಕ್ರಿಗೆ ಹೇಳೋ ಮಾತಲ್ಲೇನ್ರಿ?’

ಎರಡು ಪದ, ಎರಡೂ ದಾರಿ ತಪ್ಪಿಸುವಂಥವು. ಇಲ್ಲಿನ ಒತ್ತಡಕ್ಕೂ ಮನಸ್ಸಿಗೂ ಸಂಬಂಧವಿಲ್ಲ. ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ, ಮೆಕ್ಕೆಜೋಳದ ಚೀಲ ಎತ್ತಿದಾಗ ಹೊಟ್ಟೆಯೊಳಗೆ ಬೀಳುವ ಒತ್ತು ಅದು, ಆ ಒತ್ತಿಗೆ ತಿಳಿಯದಂತೆ ಮೂತ್ರ ಹನಿಯುವುದೇ ಈ ತೊಂದರೆ. ‘ಅಸಂಯಮ’ವಂತೂ ‘ಇನ್‌ಕಾಂಟಿನೆನ್ಸ್’ ಎಂಬ ಲ್ಯಾಟಿನ್ ಮೂಲದ ಪದದ ನೆರಳು. ಇಂಗ್ಲಿಷಿನಲ್ಲೂ ಆ ಪದ ಮೊದಲು ಕಾಮದ ಮೇಲೆ ಹಿಡಿತವಿಲ್ಲದವರಿಗೆ ಅನ್ನುವ ಮಾತಾಗಿತ್ತು, ಮೂತ್ರಕ್ಕೆ ಅಂಟಿಕೊಂಡದ್ದು ಬಹಳ ಆಮೇಲೆ. ಕನ್ನಡದಲ್ಲಿ ‘ಇಂದ್ರಿಯ ಸಂಯಮ’ ಎಂದು ಕೇಳಿ ಬೆಳೆದವಳಿಗೆ ‘ನಿನಗೆ ಸಂಯಮವಿಲ್ಲ’ ಎಂದು ಅಚ್ಚು ಹಾಕಿಸಿ ಕೊಟ್ಟರೆ ಅವಳು ಡಾಕ್ಟರ ಹತ್ತಿರ ಹೋಗುತ್ತಾಳೆಯೇ?

ಅವಳಿಗೆ ನಿಜಕ್ಕೂ ಆದದ್ದು ಸಂಯಮದ ಕೊರತೆಯಲ್ಲ, ಪೆಟ್ಟು. ಕಿಬ್ಬೊಟ್ಟೆಯ ತಳದಲ್ಲಿ ಮುಂದಿನ ಮೂಳೆಯಿಂದ ಹಿಂದಿನ ಮೂಳೆಯವರೆಗೆ ಸ್ನಾಯುಗಳ ಒಂದು ಜೋಲಿ ಇದೆ. (ಕರಪತ್ರದಲ್ಲಿ ‘ಶ್ರೋಣಿತಲ’ ಎಂದಿತ್ತು. ಸೀರೆಯ ಜೋಲಿಯಲ್ಲಿ ಮಗು ತೂಗಿದವರಿಗೆ ಜೋಲಿ ಎಂದರೆ ಸಾಕು ಅನ್ನಿಸಿ ಬದಲಿಸಿದೆ.) ಮೂತ್ರನಾಳ ಈ ಜೋಲಿಗೆ ಅಂಟಿಕೊಂಡ ಗಟ್ಟಿ ಪದರದ ಮೇಲೆ ಮಲಗಿರುತ್ತದೆ. ಕೆಮ್ಮಿದಾಗ ಮೇಲಿನ ಒತ್ತು ನಾಳವನ್ನು ಆ ಪದರಕ್ಕೆ ಅದುಮಿ ಚಪ್ಪಟೆ ಮಾಡುತ್ತದೆ, ನಾಳ ಮುಚ್ಚಿಕೊಳ್ಳುತ್ತದೆ. ಅಮೆರಿಕದ ವೈದ್ಯ ಜಾನ್ ಡಿಲಾನ್ಸಿ 1994ರಲ್ಲಿ ಇದನ್ನು ವಿವರಿಸಿದಾಗ ಬಳಸಿದ ಹೋಲಿಕೆಯೂ ಜೋಲಿಯದೇ. ನಾನು ಅಕ್ಕನಿಗೆ ಹೇಳಿದ್ದು ಹೀಗೆ: ಹಿಟ್ಟಿನುಂಡೆಯನ್ನು ಕಲ್ಲಿನ ಮೇಲಿಟ್ಟು ತಟ್ಟಿದರೆ ಅಗಲವಾಗುತ್ತದೆ, ಕೌದಿಯ ಮೇಲಿಟ್ಟು ತಟ್ಟಿದರೆ ಕೌದಿಯೊಳಕ್ಕೇ ಇಳಿಯುತ್ತದೆ.

ಕಲ್ಲು ಕೌದಿಯಾಗುವುದು ಹೆರಿಗೆಯಲ್ಲಿ. ಮಗುವಿನ ತಲೆ ಹೊರಬರುವಾಗ ಜೋಲಿಯ ಒಳಅಂಚು ತನ್ನ ಉದ್ದದ ಸುಮಾರು 3 ಪಟ್ಟು ಹಿಗ್ಗುತ್ತದೆ ಎಂದು ಕಂಪ್ಯೂಟರ್ ಮಾದರಿಗಳು ತೋರಿಸಿವೆ. ಕೆಲವರಲ್ಲಿ ಸ್ನಾಯು ಮೂಳೆಯಿಂದಲೇ ಕಿತ್ತು ಬರುತ್ತದೆ, ಇಕ್ಕಳ ಹಾಕಿ ಎಳೆದ ಹೆರಿಗೆಯಲ್ಲಿ ಇದು ಹೆಚ್ಚು. ನಾಳವನ್ನು ಹಿಡಿದ ಪದರ ಸಡಿಲಾಗಬಹುದು, ನಾಳದ ಸುತ್ತಲಿನ ಬಿಗಿ ಬಳೆಗೆ ಆಜ್ಞೆ ಒಯ್ಯುವ ನರ ಎಳೆದುಹೋಗಬಹುದು. (ಆ ನರದ ಲ್ಯಾಟಿನ್ ಹೆಸರಿಗೆ ‘ನಾಚಬೇಕಾದದ್ದು’ ಎಂದು ಅರ್ಥ! ನಮ್ಮ ‘ಗುಹ್ಯ’ ಬರೀ ಮುಚ್ಚಿಡುತ್ತದೆ, ಅಷ್ಟೇ.) ಎಷ್ಟೋ ಜನರಿಗೆ ಕೆಲವೇ ತಿಂಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಮುಟ್ಟು ನಿಂತ ಮೇಲೆ ಮತ್ತೆ ತಲೆಯೆತ್ತುತ್ತದೆ, ಆಗ ‘ವಯಸ್ಸಾತು ಬಿಡು’ ಅನ್ನುತ್ತಾರೆಯೇ ಹೊರತು ಇಪ್ಪತ್ತು ವರ್ಷದ ಹಿಂದಿನ ಹೆರಿಗೆಯನ್ನು ಯಾರೂ ನೆನೆಯುವುದಿಲ್ಲ. ಸಿಸೇರಿಯನ್ ಆದವರಿಗೆ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ, ಬಸಿರಿನ ಭಾರವೂ ಜೋಲಿಯ ಮೇಲೇ ತಾನೇ.

ಇಷ್ಟು ಕೇಳಿದ ಅಕ್ಕ ಅಂದರು: ‘ಎರಡ್ನೇದಕ್ಕೆ ಇಕ್ಳ ಹಾಕಿದ್ರು. ಅಂಗಾದ್ರೆ ಒಳಪೆಟ್ಟು ಬಿದ್ದೈತಿ ಅನ್ರಿ.’

ಒಳಪೆಟ್ಟು! ‘ಗಾಯ’ ಅಂದರೆ ಹೊಲಿಗೆ, ರಕ್ತ, ಹೊಲಿಗೆ ಬಿಚ್ಚಿದ ಮೇಲೆ ಮಾಯ್ದುಹೋಗುವಂಥದ್ದು. ಒಳಪೆಟ್ಟು ಹೊರಗೆ ಕಾಣುವುದಿಲ್ಲ, ನೋವು ಹೋದಮೇಲೂ ಇರುತ್ತದೆ. ಈ ಪದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಇನ್ನು ಕ್ರಿಯಾಪದ. ‘ಸೋರಿಕೆ’ ಎಂದು ಬರೆಯೋಣವೆಂದರೆ ಅದು ತೂತು ಬಿದ್ದ ಕೊಡದ ಮಾತು. ಹೆರಿಗೆ ದಿನಗಟ್ಟಲೆ ಸಿಕ್ಕಿಕೊಂಡು ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರವಾದವರಿಗೆ ಹಗಲು ರಾತ್ರಿ ‘ಸೋರುತ್ತದೆ’, ಅದು ಬೇರೆಯೇ ರೋಗ. ‘ತಡಿಯಾಕಾಗಲ್ಲ’ ಅನ್ನುವವರದು ಅವಸರದ ತೊಂದರೆ, ಬಚ್ಚಲಿಗೆ ಮುಟ್ಟುವುದರೊಳಗೆ ಆಗಿಬಿಡುತ್ತದೆ. ಕೆಮ್ಮಿದವಳಿಗೆ ತಡೆಯುವ ಪ್ರಶ್ನೆಯೇ ಬರುವುದಿಲ್ಲ, ಅವಳದು ‘ಹನಿತೈತಿ’, ‘ಗೊತ್ತಾಗ್ದಂಗೆ ಹೋಗ್ಬಿಡ್ತೈತಿ’. ಈ ಮೂರು ಮಾತನ್ನು ಕಿವಿಗೊಟ್ಟು ಕೇಳಿದರೆ ರೋಗ ಯಾವುದೆಂದು ಅರ್ಧ ತಿಳಿದಂತೆ. ಕರಪತ್ರ ಮೂರನ್ನೂ ‘ಅಸಂಯಮ’ದ ಒಂದೇ ಗೋಣಿಯಲ್ಲಿ ಕಟ್ಟಿದೆ.

ಸದ್ಯಕ್ಕೆ ತಲೆಬರಹ ಹೀಗೆ ತಿದ್ದಿದ್ದೇನೆ: ‘ಹೆರಿಗೆಯ ಒಳಪೆಟ್ಟು: ಕೆಮ್ಮಿದರೆ ಉಚ್ಚೆ ಹನಿಯುವುದೇಕೆ?’ ಫಿಸಿಯೋ ಅವರಿಗೆ ‘ಉಚ್ಚೆ’ ಒರಟೆನ್ನಿಸಿದೆ, ‘ಮೂತ್ರ’ ಇರಲಿ ಅನ್ನುತ್ತಾರೆ. ನಾನಿನ್ನೂ ಒಪ್ಪಿಲ್ಲ.

ಕೊನೆಗೊಂದು ಗಂಟು ಉಳಿದಿದೆ. 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಬರೆದು ಹೆಸರಾದ ವ್ಯಾಯಾಮವನ್ನು ಕನಿಷ್ಠ 3 ತಿಂಗಳು ಮಾಡಬೇಕು ಎಂದು ಕರಪತ್ರ ಹೇಳುತ್ತದೆ. ಹೇಗೆ ಎಂಬುದಕ್ಕೆ ‘ಶ್ರೋಣಿ ಸ್ನಾಯುಗಳನ್ನು ಸಂಕೋಚಿಸಿ’ ಎಂದಿದೆ. ‘ಹೂಸು ತಡೆದಂತೆ ಒಳಗಿನಿಂದ ಮೇಲಕ್ಕೆ ಬಿಗಿಹಿಡಿಯಿರಿ, ಉಸಿರು ಕಟ್ಟಬೇಡಿ’ ಎಂದು ಬರೆದಿದ್ದೇನೆ. ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಕಡೆಯ ಬಾಣಂತನದ ಮಾತಿನಲ್ಲಿ ಹೀಗೆ ಬಿಗಿಹಿಡಿಯುವುದಕ್ಕೆ, ಕೆಮ್ಮಿದಾಗ ಹನಿಯುವುದಕ್ಕೆ ಬೇರೆ ಪದವಿದೆಯೇ? ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ ಬರೆಯಿರಿ, ಅಚ್ಚಿಗೆ ಹೋಗಲು ಇನ್ನೊಂದು ವಾರವಿದೆ.