ಸರ್ಕಾರ ಸಣ್ಣದಿರಬೇಕಂತೆ, ಗಡಿಯಲ್ಲಿ ಮಾತ್ರ ದೊಡ್ಡದಿರಬೇಕಂತೆ. ಇದೇನು ಲೆಕ್ಕ?

ಗಂಜ್_ಕಾಕಾ, ಕಲಬುರಗಿ

ಶರಣು ಶರಣಾರ್ಥಿ. ಜಗಳಕ್ಕೆ ಕೇಳುತ್ತಿಲ್ಲ, ತಿಳಿಯದೆ ಕೇಳುತ್ತಿದ್ದೇನೆ. ನನ್ನ ತಂಗಿಯ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಎಚ್-1ಬಿ ವೀಸಾ ಮೇಲೆ ಹೋದವನು, ಎಂಟು ವರ್ಷ ಆಯಿತು. ಮೊದಲು ಫೋನ್ ಮಾಡಿದರೆ ಕ್ರಿಕೆಟ್ಟು, ಅವರಮ್ಮನ ಸಕ್ಕರೆ ಕಾಯಿಲೆ, ಇಲ್ಲಿನ ಬಿಸಿಲು, ಇಷ್ಟೇ ಮಾತು. ಈಗ ಒಂದು ವರ್ಷದಿಂದ ಬರೀ ಟೆಡ್ ಕ್ರೂಜ್. ಅಲ್ಲಿನ ಸೆನೆಟರ್, ರಿಪಬ್ಲಿಕನ್ ಪಕ್ಷದವರು, 2013ರಿಂದ ಆ ಸೀಟಿನಲ್ಲಿದ್ದಾರೆ. ಅವರ ವಿಡಿಯೊ ದಿನಕ್ಕೆ ಎರಡಾದರೂ ನನ್ನ ವಾಟ್ಸಾಪ್‌ಗೆ ಬಂದು ಬೀಳುತ್ತವೆ. ಅಳಿಯ ಕಳಿಸಿದ್ದಲ್ವಾ ಅಂತ ನೋಡುತ್ತೇನೆ. ಅರ್ಧ ತಿಳಿಯುತ್ತದೆ, ಅರ್ಧ ಇಲ್ಲ.

ತಿಳಿದಷ್ಟು ಹೇಳುತ್ತೇನೆ. ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬಾರದು, ಕಾನೂನು ಕಟ್ಟಳೆ ಕಡಿಮೆ ಮಾಡಬೇಕು. ಇದು ಒಂದು. ಜನರ ಬಂದೂಕಿಗೆ ಸರ್ಕಾರ ಕೈ ಹಾಕಬಾರದು. ಇದು ಇನ್ನೊಂದು. ಆದರೆ ಮೆಕ್ಸಿಕೊ ಗಡಿಯಲ್ಲಿ ಗೋಡೆ ಕಟ್ಟಬೇಕು, ಪೊಲೀಸರನ್ನು ಹೆಚ್ಚಿಸಬೇಕು, ಅಲ್ಲಿ ಸರ್ಕಾರ ಎಷ್ಟು ಖರ್ಚು ಮಾಡಿದರೂ ಕಡಿಮೆಯೇ. ನಾನು ಮೂವತ್ತು ವರ್ಷದಿಂದ ಗಂಜ್‌ನಲ್ಲಿ ಅಡತಿ ಅಂಗಡಿ ನಡೆಸಿದವನು. ನನ್ನ ತಲೆಗೆ ಇದು ಹತ್ತುತ್ತಿಲ್ಲ. ಸರ್ಕಾರ ಮೈಗಳ್ಳ, ದುಡ್ಡು ಪೋಲು ಮಾಡುತ್ತದೆ ಅಂದಮೇಲೆ ಗಡಿಗೆ ಹೋದ ಕೂಡಲೇ ಅದೇ ಸರ್ಕಾರ ಜಾಣ ಹೇಗಾಗುತ್ತದೆ? ಅಳಿಯನನ್ನು ಕೇಳಿದರೆ 'ಮಾಮಾ, ನಿಮಗೆ ಅರ್ಥ ಆಗಲ್ಲ ಬಿಡಿ' ಅಂದ. ಅದಕ್ಕೇ ಇಲ್ಲಿ ಬಂದೆ.

—

ಕರಿಎರೆ, ಚಿಂಚೋಳಿ

ಕಾಕಾ, ಅವರ ಕಣ್ಣಿನಿಂದ ನೋಡಿದರೆ ಇದರಲ್ಲಿ ಎಡವಟ್ಟು ಇಲ್ಲ. ಅವರ ಪ್ರಕಾರ ಸರ್ಕಾರಕ್ಕೆ ಎರಡೋ ಮೂರೋ ಕೆಲಸ ಇವೆ. ದೇಶ ಕಾಯುವುದು, ಕಳ್ಳಕಾಕರನ್ನು ಹಿಡಿಯುವುದು, ಕೋರ್ಟು ನಡೆಸುವುದು. ಅಷ್ಟು ಬಿಟ್ಟು ಬೇರೆ ಏನೇ ಮಾಡಿದರೂ ಅತಿಯಾಯಿತು ಅನ್ನುತ್ತಾರೆ. ಮನೆ ಕಾವಲಿಗೆ ಇಟ್ಟವನು ಬಾಗಿಲು ಬಿಟ್ಟು ಅಡುಗೆಮನೆಗೆ ಬಂದು ಸಾರಿಗೆ ಉಪ್ಪು ಎಷ್ಟು ಹಾಕಬೇಕು ಅಂತ ಹೇಳಿದರೆ ಸಿಟ್ಟು ಬರುತ್ತದಲ್ಲ, ಹಾಗೆ. ಕ್ರೂಜ್ 2016ರಲ್ಲಿ ಅಧ್ಯಕ್ಷರಾಗಲು ನಿಂತಾಗ ತೆರಿಗೆ ಇಲಾಖೆ, ಶಿಕ್ಷಣ, ಇಂಧನ, ವಾಣಿಜ್ಯ, ವಸತಿ, ಈ ಐದನ್ನು ಮುಚ್ಚುತ್ತೇನೆ ಅಂದಿದ್ದರು. ಅದೇ ಮನುಷ್ಯ 2013ರಲ್ಲಿ ಗಡಿ ಪೊಲೀಸರ ಸಂಖ್ಯೆ ಮೂರು ಪಟ್ಟು ಮಾಡಿ ಅಂತ ತಿದ್ದುಪಡಿ ತಂದವರು. ಅವರಿಗೆ ಎರಡೂ ಒಂದೇ ಮಾತು.

ಕಾನೂನು ಕಟ್ಟಳೆ ವಿಷಯಕ್ಕೆ ಬಂದರೆ ಅವರ ತಕರಾರು ಸ್ವಲ್ಪ ಸೂಕ್ಷ್ಮ ಇದೆ. ಕಾನೂನು ಮಾಡಬೇಕಾದವರು ಜನ ಆರಿಸಿದವರು, ಆದರೆ ನಿಜವಾಗಿ ನಿಯಮ ಬರೆಯುವವರು ಇಲಾಖೆಯಲ್ಲಿ ಕೂತ ಅಧಿಕಾರಿಗಳು, ಅವರಿಗೆ ಯಾರೂ ಓಟು ಹಾಕಿಲ್ಲ ಅನ್ನುವುದು. ಅದಕ್ಕೇ ರೀನ್ಸ್ ಅಂತ ಒಂದು ಮಸೂದೆ ಇಟ್ಟುಕೊಂಡಿದ್ದಾರೆ. ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಜಾಸ್ತಿ ಪರಿಣಾಮ ಆಗುವ ನಿಯಮ ಇದ್ದರೆ ಸಂಸತ್ತು ಒಪ್ಪಿದ ಮೇಲೇ ಜಾರಿ ಆಗಬೇಕು ಅಂತ. ಕೆಳಮನೆಯಲ್ಲಿ ಹಲವು ಸಲ ಪಾಸಾಗಿದೆ, ಸೆನೆಟ್‌ನಲ್ಲಿ ಒಮ್ಮೆಯೂ ದಡ ಮುಟ್ಟಿಲ್ಲ. ಆದರೆ 2024ರಲ್ಲಿ ಸುಪ್ರೀಂ ಕೋರ್ಟೇ ಅವರ ಕಡೆ ಒಂದು ದೊಡ್ಡ ತೀರ್ಪು ಕೊಟ್ಟಿತು. ಕಾನೂನಿನ ಮಾತು ಸ್ಪಷ್ಟ ಇಲ್ಲದ ಕಡೆ ಇಲಾಖೆ ಹೇಳಿದ ಅರ್ಥವನ್ನೇ ಕೋರ್ಟು ಒಪ್ಪಬೇಕು ಅನ್ನುವ 1984ರ ಪದ್ಧತಿ ಹೋಯಿತು.

ಇನ್ನು ಬಂದೂಕು. ಅದು ಅಲ್ಲಿ ಸಂವಿಧಾನದಲ್ಲೇ ಇದೆ, ಎರಡನೇ ತಿದ್ದುಪಡಿ, 1791ರದ್ದು. ಆದರೂ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ಒಬ್ಬೊಬ್ಬರ ಸ್ವಂತ ಹಕ್ಕು ಅಂತ ಸುಪ್ರೀಂ ಕೋರ್ಟು ಖಚಿತವಾಗಿ ಹೇಳಿದ್ದು 2008ರಲ್ಲಿ, ಹೆಲರ್ ಕೇಸಿನಲ್ಲಿ. ಆಗ ಕ್ರೂಜ್ ಟೆಕ್ಸಾಸ್ ಸರ್ಕಾರದ ವಕೀಲರು. 31 ರಾಜ್ಯಗಳ ಪರವಾಗಿ ಬಂದೂಕಿನ ಹಕ್ಕಿಗೆ ಬೆಂಬಲವಾಗಿ ಕೋರ್ಟಿಗೆ ಅರ್ಜಿ ಬರೆಸಿದ್ದು ಅವರೇ. ಸುಮ್ನೆ ಓಟಿಗೆ ಹೇಳುವ ಮಾತಲ್ಲ, ಬಹಳ ಹಿಂದಿನ ಕಸುಬು.

—

ತೊಗರಿ_ಆಳಂದ

ಅಲ್ರೀ ಕಾಕಾ, ನೀವು ಅಡತಿ ಅಂಗಡಿ ಇಟ್ಟುಕೊಂಡು ಈ ಪ್ರಶ್ನೆ ಕೇಳುತ್ತೀರಲ್ಲ, ನಗಬೇಕೋ ಅಳಬೇಕೋ. ನಿಮ್ಮ ಗಂಜ್ ತುಂಬ ಟೆಡ್ ಕ್ರೂಜ್‌ಗಳೇ ಇದ್ದಾರೆ!

2023ರ ಜೂನ್‌ನಲ್ಲಿ ಕೇಂದ್ರದವರು ತೊಗರಿ, ಉದ್ದಿಗೆ ಸ್ಟಾಕ್ ಲಿಮಿಟ್ ಹಾಕಿದಾಗ ನೆನಪಿದೆಯಾ? ಹೋಲ್‌ಸೇಲ್‌ನವರಿಗೆ 200 ಟನ್. ಸೆಪ್ಟೆಂಬರ್‌ಗೆ ಅದನ್ನು 50ಕ್ಕೆ ಇಳಿಸಿದರು. ಇದ್ದ ಮಾಲನ್ನೆಲ್ಲ ಪೋರ್ಟಲ್‌ನಲ್ಲಿ ತೋರಿಸಬೇಕು. ಆವತ್ತು ದಾಲ್ ಮಿಲ್‌ನವರು, ಅಡತಿಯವರು ಏನೆಂದರು? ಸರ್ಕಾರ ವ್ಯಾಪಾರದಲ್ಲಿ ಯಾಕೆ ಕೈ ಹಾಕುತ್ತದೆ, ನಮ್ಮ ಗೋದಾಮು ನಮ್ಮ ಇಷ್ಟ ಅಂದರು. ಸರಿ, ಒಪ್ಪೋಣ. ಈಗ ನಾವು ರೈತರು ಏನು ಹೇಳುತ್ತೇವೆ? ಮೊಜಾಂಬಿಕ್‌ನ ತೊಗರಿ, ಬರ್ಮಾದ ತೊಗರಿ ಸುಂಕ ಇಲ್ಲದೆ ಬಂದರಿಗೆ ಇಳಿಯುತ್ತಿದೆ, ಅದನ್ನು ಅಲ್ಲೇ ತಡೆಯಿರಿ ಅಂತ. 2025ರ ಶುರುವಿನಲ್ಲಿ ನಮ್ಮ ಮಾಲು ಬರುವ ಹೊತ್ತಿಗೆ ರೇಟು ಕ್ವಿಂಟಲ್‌ಗೆ ಬೆಂಬಲ ಬೆಲೆ 7,550 ರೂಪಾಯಿಗಿಂತ ಕೆಳಗೆ ಬಿತ್ತು. ರಾಜ್ಯದವರು ಮೇಲೆ 450 ಕೊಟ್ಟು 8,000 ಮಾಡಿದರು. ಆಗ ನಮಗೆ ಸರ್ಕಾರ ಬೇಕಾಯಿತು. ಹೊಲದೊಳಗೆ ಬರಬೇಡ, ಬಂದರಿನಲ್ಲಿ ಗಟ್ಟಿಯಾಗಿ ನಿಲ್ಲು. ಇದೇ ಅಲ್ವಾ ಅವರ ಮಾತು? ಅವರು ಆಳು ತಡೆಯಿರಿ ಅನ್ನುತ್ತಾರೆ, ನಾವು ಕಾಳು ತಡೆಯಿರಿ ಅನ್ನುತ್ತೇವೆ.

ನಾನು ಕ್ರೂಜ್ ಪರ ಅಲ್ಲ. ಅಲ್ಲಿಗೆ ಕೂಲಿಗೆ ಬರುವವನೂ ನನ್ನ ಹಾಗೆ ಹೊಲ ಬಿಟ್ಟು ಬಂದವನೇ ಇರುತ್ತಾನೆ, ಅದು ಗೊತ್ತು. ಲೆಕ್ಕ ತಿಳಿಯಲ್ಲ ಅಂದಿರಲ್ಲ, ಅದಕ್ಕೆ ಹೇಳಿದೆ.

—

ಗಂಜ್_ಕಾಕಾ, ಕಲಬುರಗಿ

ತಮ್ಮಾ, ಸರಿಯಾಗಿ ಹಿಡಿದೆ ನನ್ನನ್ನು. 2023ರಲ್ಲಿ ನಾನೂ ಬೈದವನೇ, ಸುಳ್ಳು ಯಾಕೆ ಹೇಳಲಿ. ಆದರೆ ಬಂದೂಕಿನ ಮಾತು ಇನ್ನೂ ಗಂಟಲಲ್ಲೇ ಇದೆ. ತೊಗರಿ ಬೇರೆ, ಬಂದೂಕು ಬೇರೆ.

—

ಮಳೆಗಾಲ, ಯಾದಗಿರಿ

ನನ್ನ ಅಕ್ಕ ಟೆಕ್ಸಾಸ್‌ನಲ್ಲೇ ಇದ್ದಾಳೆ, ಮಗಳು ಎರಡನೇ ಕ್ಲಾಸು. ಶಾಲೆಯಲ್ಲಿ ಬೆಂಕಿ ಬಿದ್ದರೆ ಹೇಗೆ ಓಡಬೇಕು ಅಂತ ಹೇಳಿಕೊಡುವ ಹಾಗೆ, ಬಂದೂಕು ಹಿಡಿದವನು ಬಂದರೆ ದೀಪ ಆರಿಸಿ, ಬಾಗಿಲು ಹಾಕಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದನ್ನೂ ಹೇಳಿಕೊಡುತ್ತಾರೆ. ಹೋದ ವರ್ಷ ಊರಿಗೆ ಬಂದಾಗ ಓಣಿಯಲ್ಲಿ ಮದುವೆ, ಪಟಾಕಿ ಹೊಡೆದರು. ಕೂಸು ಹೋಗಿ ಅಜ್ಜಿಯ ಮಂಚದ ಕೆಳಗೆ ಕೂತಿತು. ಕರೆದರೂ ಬರಲಿಲ್ಲ. ನಮ್ಮವ್ವ ದೃಷ್ಟಿ ತೆಗೆದಳು, ಏನು ಮಾಡಬೇಕು ಪಾಪ.

2022ರ ಮೇ 24ಕ್ಕೆ ಅದೇ ಟೆಕ್ಸಾಸ್‌ನ ಯುವಾಲ್ಡೆ ಊರಿನ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರ್ ಸತ್ತರು. ಹೊಡೆದವನಿಗೆ 18 ವರ್ಷ, ರೈಫಲ್ಲು ಅಂಗಡಿಯಲ್ಲಿ ಕಾನೂನು ಪ್ರಕಾರವೇ ಕೊಂಡಿದ್ದ. ಹೆಚ್ಚು ಬಂದೂಕು ಇದ್ದರೆ ರಕ್ಷಣೆ ಅನ್ನುವವರಿಗೆ ನಾನು ಕೇಳುವುದು ಇಷ್ಟೇ. ಆ ದಿನ 376 ಪೊಲೀಸರು ಬಂದಿದ್ದರು, ಎಲ್ಲರ ಕೈಯಲ್ಲೂ ಬಂದೂಕಿತ್ತು, ಅವನನ್ನು ಹೊಡೆಯಲು ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಕ್ರೂಜ್ ಏನು ಹೇಳಿದರು ಗೊತ್ತಾ? ಶಾಲೆಗೆ ಒಂದೇ ಬಾಗಿಲು ಇಡಿ, ಅಲ್ಲಿ ಪೊಲೀಸರನ್ನು ನಿಲ್ಲಿಸಿ ಅಂತ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಅದೇ ಟೆಕ್ಸಾಸ್‌ನ ಇನ್ನೊಬ್ಬ ಸೆನೆಟರ್ ಜಾನ್ ಕಾರ್ನಿನ್, ಅವರೂ ರಿಪಬ್ಲಿಕನ್ನೇ, ಎದುರು ಪಕ್ಷದವರ ಜೊತೆ ಕೂತು ಒಂದು ಕಾನೂನು ತಂದರು. 21 ವರ್ಷದ ಒಳಗಿನವರು ಬಂದೂಕು ಕೊಳ್ಳುವಾಗ ಹಳೆಯ ದಾಖಲೆಯನ್ನೂ ನೋಡಬೇಕು, ಇಂಥವು. ಬಹಳ ಸಣ್ಣ ಹೆಜ್ಜೆ. ಅಷ್ಟಕ್ಕೇ ಅವರ ಪಕ್ಷದ ಸಮಾವೇಶದಲ್ಲೇ ಜನ ಕೂಗು ಹಾಕಿ ಅವಮಾನ ಮಾಡಿದರು. ಸೆನೆಟ್‌ನಲ್ಲಿ 65-33ರಲ್ಲಿ ಪಾಸಾಯಿತು. ಕ್ರೂಜ್ ವಿರುದ್ಧ ಓಟು ಹಾಕಿದರು. ಕಾಕಾ, ನಿಮ್ಮ ಅಳಿಯನಿಗೆ ಮಕ್ಕಳಿದ್ದಾವಾ?

—

ಕೋಟೆ_ಕಂದಕ, ಬೀದರ್

ಅಕ್ಕನ ಮಾತು ಓದಿ ಎರಡು ಸಲ ಬರೆದು ಅಳಿಸಿದೆ. ಆದರೂ ಹೇಳುತ್ತೇನೆ, ಯಾಕಂದರೆ ನಮ್ಮ ಭಾಗದಲ್ಲಿ ಈ ಬಂದೂಕಿನ ವಾದ ಹೊಸದಲ್ಲ.

ನಮ್ಮಜ್ಜ ಬಸವಕಲ್ಯಾಣ ತಾಲೂಕಿನವರು. ನಿಜಾಮನ ಪರ ಬಂದೂಕು ಹಿಡಿದ ರಜಾಕಾರರ ಕಾಲ ಕಂಡವರು. 1948ರಲ್ಲಿ ಗೋರ್ಟಾ ಊರಿನಲ್ಲಿ ಅವರು ಜನರನ್ನು ಹೇಗೆ ಕೊಂದರು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಅಜ್ಜ ಹೇಳುತ್ತಿದ್ದದ್ದು ಒಂದೇ ಮಾತು, ಅವರ ಕೈಯಲ್ಲಿ ಬಂದೂಕಿತ್ತು, ನಮ್ಮ ಕೈಯಲ್ಲಿ ಕುಡಗೋಲು ಇತ್ತು. ಆಳುವವರು ಯಾರ ಕೈಗೆ ಬಂದೂಕು ಕೊಡುತ್ತಾರೋ ಅವರೇ ಕಾನೂನು ಆಗುತ್ತಾರೆ. ಅಮೆರಿಕದವರು ಎರಡನೇ ತಿದ್ದುಪಡಿ ಅಂದರೆ ಮೈಮೇಲೆ ಬಂದವರ ಹಾಗೆ ಮಾಡುವುದಕ್ಕೆ ಇಂಥದೇ ಒಂದು ಹೆದರಿಕೆ ಇದೆ. ಸರ್ಕಾರ ನಾಳೆ ಕೆಟ್ಟರೆ ಏನು ಮಾಡುವುದು ಅಂತ. ಹಾಗಾಗಿ ನಾನು ಅದನ್ನು ಹುಚ್ಚು ಅಂತ ತಳ್ಳಿಹಾಕಲ್ಲ.

ಹಾಗಂತ ಒಪ್ಪುತ್ತೇನಾ? ಇಲ್ಲ. ಅದೇ ಅಜ್ಜನ ಮನೆಯಲ್ಲಿ ಮುಂದೆ ಹಂದಿ ಕಾಟಕ್ಕೆ ಅಂತ ಲೈಸೆನ್ಸಿನ ಬಂದೂಕು ಬಂತು. ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಒಪ್ಪಿಸಬೇಕು, ಮುಗಿದ ಮೇಲೆ ತರಬೇಕು. ಬೇಸರದ ಕೆಲಸ. ಒಂದು ವರ್ಷ ಬದುವಿನ ಜಗಳದಲ್ಲಿ ದೊಡ್ಡಪ್ಪ ಆ ಬಂದೂಕು ಹುಡುಕಿಕೊಂಡು ಮನೆಗೆ ಓಡಿ ಬಂದರು, ಚುನಾವಣೆ ಇತ್ತು, ಬಂದೂಕು ಠಾಣೆಯಲ್ಲಿತ್ತು. ಕಟ್ಟಿಗೆ ಹಿಡಿದುಕೊಂಡು ವಾಪಸ್ ಹೋದರು. ಎದುರಿನವನ ತಲೆಗೆ ನಾಲ್ಕು ಹೊಲಿಗೆ. ಮರುವರ್ಷ ಜಾತ್ರೆಯಲ್ಲಿ ಇಬ್ಬರೂ ಒಟ್ಟಿಗೆ ಕೂತು ಉಂಡರು.

ನಮ್ಮಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಬಂದೂಕು ಹಕ್ಕಲ್ಲ, ಪರವಾನಗಿ. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಮೂರರ ಬದಲು ಎರಡೇ. ಕೊಡವರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ವರ್ಷ ದಾಟಿದವರಲ್ಲಿ ಹೆಚ್ಚಿನವರು ಪರವಾನಗಿಯೇ ಇಲ್ಲದೆ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು. ಅಲ್ಲಿನ ಬದುವಿನ ಜಗಳ ಹೇಗಿರುತ್ತದೋ.

—

ಕರಿಎರೆ, ಚಿಂಚೋಳಿ

ಮೊದಲು ಬರೆದದ್ದರಲ್ಲಿ ಅವರ ಲೆಕ್ಕ ಸರಿ ಇದೆ ಅಂದೆ. ಲೆಕ್ಕ ತಪ್ಪುವ ಜಾಗವೂ ಇದೆ, ಹೇಳಿಬಿಡುತ್ತೇನೆ.

ಒಂದು ಗೋಡೆ. ಟೆಕ್ಸಾಸ್‌ನ ಗಡಿಯಲ್ಲಿ ಜಮೀನು ಹೆಚ್ಚಾಗಿ ಖಾಸಗಿಯವರದು. ಗೋಡೆ ಕಟ್ಟಬೇಕಾದರೆ ಕೇಂದ್ರ ಸರ್ಕಾರ ಆ ಜಮೀನನ್ನು ಸ್ವಾಧೀನ ಮಾಡಿಕೊಳ್ಳಬೇಕು. ತಲೆಮಾರುಗಳಿಂದ ದನ ಮೇಯಿಸಿದವರು, ನದಿ ದಂಡೆಯ ತೋಟದವರು ಕೋರ್ಟಿಗೆ ಹೋಗಿದ್ದಾರೆ. ಗೋಡೆ ನದಿಯಿಂದ ಒಳಗೆ ಬರುವ ಕಡೆ, ಅವರ ಸ್ವಂತ ಹೊಲವೇ ಗೋಡೆಯ ಆಚೆ ಉಳಿಯುತ್ತದೆ. ಆಸ್ತಿ ಹಕ್ಕು ದೇವರು ಕೊಟ್ಟದ್ದು ಅನ್ನುವ ಪಕ್ಷವೇ ಇದನ್ನು ಮಾಡಬೇಕು. ಡ್ಯಾಮು, ರಸ್ತೆ, ಕಾರ್ಖಾನೆಗೆ ಜಮೀನು ಕೊಟ್ಟ ನಮ್ಮ ಕಡೆಯವರಿಗೆ ಆ ಸಂಕಟ ತಿಳಿಯುತ್ತದೆ.

ಇನ್ನೊಂದು ದುಡ್ಡು. 2025ರ ಜುಲೈ 4ಕ್ಕೆ ಟ್ರಂಪ್ ಸಹಿ ಮಾಡಿದ ದೊಡ್ಡ ಮಸೂದೆಯಲ್ಲಿ ಗೋಡೆಗೇ 4,650 ಕೋಟಿ ಡಾಲರ್. ಕ್ರೂಜ್ ಹೌದು ಅಂದರು. ಆದರೆ ಅವರದೇ ಪಕ್ಷದ ಕೆಂಟಕಿಯ ರ‍್ಯಾಂಡ್ ಪಾಲ್ ಅಷ್ಟೊಂದು ದುಡ್ಡು ಯಾಕೆ ಬೇಕು ಅಂತ ಲೆಕ್ಕ ಕೇಳಿದರು. ಸಾಲ ಜಾಸ್ತಿಯಾಗುತ್ತದೆ ಅಂತ ಕೊನೆಗೆ ವಿರುದ್ಧ ಓಟು ಹಾಕಿದರು. 51-50ರಲ್ಲಿ ಪಾಸಾಯಿತು, ಉಪಾಧ್ಯಕ್ಷರ ಓಟಿನಿಂದ. ಅಂದರೆ ಕಾಕಾ, ನಿಮ್ಮ ಪ್ರಶ್ನೆ ಅವರ ಮನೆಯೊಳಗೂ ಇದೆ. ನೀವು ರ‍್ಯಾಂಡ್ ಪಾಲ್ ಕಡೆ, ಅಳಿಯ ಕ್ರೂಜ್ ಕಡೆ.

ನಿಯಮ ಬೇಡ ಅನ್ನುವುದರ ಬೆಲೆಯೂ ಅದೇ ಟೆಕ್ಸಾಸ್‌ನಲ್ಲಿ ಕಂಡಿದೆ. ಕೇಂದ್ರದ ನಿಯಮ ಬೇಡ ಅಂತಲೇ ಅವರ ಕರೆಂಟಿನ ಜಾಲ ಬೇರೆ ರಾಜ್ಯಗಳಿಗೆ ಹೆಚ್ಚು ಸೇರಿಸದೆ ಇಟ್ಟಿದ್ದರು. 2021ರ ಫೆಬ್ರವರಿಯ ಚಳಿಗೆ ಸ್ಥಾವರಗಳು ನಿಂತುಹೋದವು, ಹೊರಗಿನಿಂದ ಸಾಕಷ್ಟು ಕರೆಂಟು ತರಲು ದಾರಿ ಇರಲಿಲ್ಲ. ಸರ್ಕಾರಿ ಲೆಕ್ಕದಲ್ಲೇ 246 ಜನ ಸತ್ತರು. ಆ ವಾರ ಕ್ರೂಜ್ ಮನೆಯವರ ಜೊತೆ ವಿಮಾನ ಹತ್ತಿ ಬೆಚ್ಚಗಿನ ಕಾಂಕೂನ್‌ಗೆ ಹೋಗಿ, ಬೈಗುಳ ತಿಂದು ಮರುದಿನವೇ ವಾಪಸ್ ಬಂದರು. ಕಾಂಕೂನ್ ಇರುವುದು ಮೆಕ್ಸಿಕೊದಲ್ಲಿ.

—

ತೊಗರಿ_ಆಳಂದ

ಮೆಕ್ಸಿಕೊ ಅಂದರಾ! ಗೋಡೆ ಆ ಕಡೆಯಿಂದ ಬರುವವರಿಗೆ ಮಾತ್ರ ಅನ್ನಿ.

ಅಂದಹಾಗೆ ಕಾಕಾ, ಅಳಿಯನ ವೀಸಾ ವಿಷಯದಲ್ಲಿ ಕ್ರೂಜ್ ಏನು ಮಾಡಿದ್ದಾರೆ ಅಂತ ಅವನಿಗೆ ಗೊತ್ತಾ? 2013ರಲ್ಲಿ ಎಚ್-1ಬಿ ಮಿತಿಯನ್ನು 65,000ದಿಂದ 3,25,000ಕ್ಕೆ ಏರಿಸಿ ಅಂತ ಅವರೇ ತಿದ್ದುಪಡಿ ತಂದಿದ್ದರು. 2015ರ ಕೊನೆಗೆ, ಅಧ್ಯಕ್ಷ ಚುನಾವಣೆಗೆ ನಿಂತ ಹೊತ್ತಿನಲ್ಲಿ, ಎಚ್-1ಬಿಯವರಿಗೆ ವರ್ಷಕ್ಕೆ 1,10,000 ಡಾಲರ್ ಸಂಬಳವಾದರೂ ಕೊಡಬೇಕು ಅನ್ನುವ ಮಸೂದೆ ಮಂಡಿಸಿದರು. ಅಷ್ಟು ಕೊಟ್ಟು ಯಾವ ಕಂಪನಿ ಹೊಸ ಹುಡುಗರನ್ನು ಕರೆಸುತ್ತದೆ? ಈಗಂತೂ 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಹೊರಗಿನಿಂದ ಕರೆಸುವ ಹೊಸ ಅರ್ಜಿಗೆ 1,00,000 ಡಾಲರ್ ಶುಲ್ಕ ಅಂದುಬಿಟ್ಟರು. ಅಳಿಯ ಒಳಗೆ ಹೋದಮೇಲೆ ಬಾಗಿಲು ಹಾಕಿ ಅನ್ನುತ್ತಿದ್ದಾನೆ. ಕಲಬುರಗಿಯಿಂದ ರೈಲಿನ ಜನರಲ್ ಬೋಗಿ ಹತ್ತಿದವರ ಬುದ್ಧಿ.

—

ಗಂಜ್_ಕಾಕಾ, ಕಲಬುರಗಿ

ಜನರಲ್ ಬೋಗಿ ಮಾತಿಗೆ ನಮ್ಮ ಅಂಗಡಿಯ ಹಮಾಲರೂ ನಕ್ಕರು, ಓದಿ ಹೇಳಿದೆ.

ಯಾದಗಿರಿ ತಂಗಿ ಕೇಳಿದ್ದಳಲ್ಲ, ಅಳಿಯನಿಗೆ ಒಬ್ಬ ಮಗ ಇದ್ದಾನೆ. ಬರುವ ಆಗಸ್ಟ್‌ಗೆ ಶಾಲೆಗೆ ಸೇರುತ್ತಾನೆ. ನಿನ್ನೆ ರಾತ್ರಿ ಅಳಿಯನಿಗೆ ಫೋನ್ ಮಾಡಿದೆ. ಗೋಡೆ, ವೀಸಾ, ಕಾಂಕೂನ್ ಎಲ್ಲದಕ್ಕೂ ಅವನ ಹತ್ತಿರ ಉತ್ತರ ಇತ್ತು, ಒಂದಕ್ಕೆ ಎರಡು ಹೇಳಿದ. ವೀಸಾ ಬಗ್ಗೆ 'ನಾವು ಸಾಲಿನಲ್ಲಿ ನಿಂತು ಬಂದವರು ಮಾಮಾ, ಅವರು ಸಾಲು ಮುರಿದು ಬರುವವರು' ಅಂದ. ಅದೂ ಒಂದು ಮಾತೇ, ಇಲ್ಲ ಅನ್ನಲ್ಲ. ಆಮೇಲೆ ನೀನು ಮನೆಯಲ್ಲಿ ಬಂದೂಕು ಇಟ್ಟಿದ್ದೀಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಅದು ವೀಸಾದವರಿಗೆ ಅಷ್ಟು ಸುಲಭ ಇಲ್ಲ ಮಾಮಾ, ಅಂದ. ಸುಲಭ ಆದರೆ ಇಡುತ್ತೀಯಾ ಅಂದೆ. ಹಿಂದಿನಿಂದ ಸೊಸೆ ಇಂಗ್ಲಿಷಿನಲ್ಲಿ ಏನೋ ಜೋರಾಗಿ ಅಂದಳು. ಫೋನ್ ಕಟ್ಟಾಯಿತು.

ಇವತ್ತು ಬೆಳಿಗ್ಗೆಯಿಂದ ವಿಡಿಯೊ ಬಂದಿಲ್ಲ.

—

ತೊಗರಿ_ಆಳಂದ

ಬರುತ್ತದೆ ಬಿಡಿ ಕಾಕಾ, ಅಲ್ಲಿ ಈಗ ರಾತ್ರಿ. ಅದಿರಲಿ, ಇವತ್ತು ಗಂಜ್‌ನಲ್ಲಿ ತೊಗರಿ ಎಷ್ಟಕ್ಕೆ ಹೋಯಿತು?